ನೇಮ್ ಸರ್ವರ್‌ನ ಮೌನ

ಊರು ಚಿಕ್ಕದಾಗಿದ್ದಾಗ ಹೆಸರು ಹಿಡಿದು ಮನೆ ಹುಡುಕುವುದು ಸುಲಭ. ದಾವಣಗೆರೆಯ ನಿಟ್ಟುವಳ್ಳಿಯಂತಹ ಬೆಳೆದ ಬಡಾವಣೆಯಲ್ಲಿ ಅಂಚೆಯವನಿಗೆ ಅಡ್ಡರಸ್ತೆಯೂ ಮನೆಯ ಸಂಖ್ಯೆಯೂ ಬೇಕು. ಕಂಪ್ಯೂಟರುಗಳ ಜಾಲದಲ್ಲಿಯೂ ಹೀಗೆಯೇ. ಮನುಷ್ಯರು ನೆನಪಿಡುವುದು ಹೆಸರನ್ನು. ಯಂತ್ರಗಳಿಗೆ ಬೇಕಾದುದು ಅಂಕಿಗಳಿಂದಾದ ಐ.ಪಿ. ವಿಳಾಸ. ಹೆಸರನ್ನು ಹೇಳಿದರೆ ವಿಳಾಸವನ್ನು ತಿಳಿಸುವ ಯಂತ್ರವೇ ನೇಮ್ ಸರ್ವರ್. ಹಿಂದೆ ಅಮೆರಿಕದ ಜಾಲದ ಹೆಸರುಗಳೆಲ್ಲವೂ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿದ್ದ ಒಂದೇ ಪಟ್ಟಿಯಲ್ಲಿರುತ್ತಿದ್ದುವು. ಪಟ್ಟಿ ಬೆಳೆದು ನಿಭಾಯಿಸುವುದು ಕಷ್ಟವಾದಾಗ, ಆ ಕೆಲಸವನ್ನು ಅನೇಕ ಸರ್ವರ್‌ಗಳಿಗೆ ಹಂಚುವ ವ್ಯವಸ್ಥೆಯನ್ನು ಪಾಲ್ ಮೊಕಪೆಟ್ರಿಸ್ ಎಂಬವರು 1983ರಲ್ಲಿ ರೂಪಿಸಿದರು. ಇಂದಿಗೂ ಬಳಕೆಯಲ್ಲಿರುವುದು ಅದೇ.

ಈಗ ನಿಟ್ಟುವಳ್ಳಿಯಲ್ಲೊಂದು ಕಚೇರಿಯಿದೆಯೆಂದೂ, ಅದರ ನೇಮ್ ಸರ್ವರ್ ಹರಿಹರದ ಶಾಖೆಯಲ್ಲಿದೆಯೆಂದೂ ಭಾವಿಸೋಣ. ಜಾಲದ ಯಂತ್ರಗಳನ್ನೆಲ್ಲ ಕಾಯುತ್ತ ಕುಳಿತಿರುವ ನಿರ್ವಹಣ ತಂತ್ರಾಂಶವು ಒಂದು ಬೆಳಗ್ಗೆ 'ನೇಮ್ ಸರ್ವರ್‌ನೊಡನೆ ಸಂಪರ್ಕವಿಲ್ಲ' ಎಂದು ಸಾರುತ್ತದೆ. ಆಗ ಅನೇಕರು ಮಾಡುವ ಮೊದಲ ಕೆಲಸವೆಂದರೆ ಸರ್ವರ್ ಅನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡುವುದು. ಇದು ಸಲ್ಲದೆಂದೇ ನಮ್ಮ ಅಭಿಪ್ರಾಯ. ತೊಂದರೆ ಒಮ್ಮೊಮ್ಮೆ ತೊಲಗೀತು. ಆದರೆ ಅದರ ಕಾರಣದ ಸುಳಿವೂ ಜೊತೆಯಲ್ಲೇ ತೊಲಗುತ್ತದೆ.

ಮೊದಲು ತಿಳಿಯಬೇಕಾದುದು ಇಷ್ಟೆ: ಸರ್ವರ್ ಸುಮ್ಮನಿದೆಯೆ, ಅಥವಾ ಮಾತನಾಡಿ 'ಇಲ್ಲ' ಎನ್ನುತ್ತಿದೆಯೆ? ತಂತ್ರಾಂಶವು ಇವೆರಡಕ್ಕೂ ಒಂದೇ ಕೆಂಪು ಗುರುತನ್ನು ತೋರಿಸಬಹುದು. ಆದುದರಿಂದ ನಿಟ್ಟುವಳ್ಳಿಯ ಅದೇ ಯಂತ್ರದಲ್ಲಿ ಕುಳಿತು, 'ಡಿಗ್' ಎಂಬ ಆಜ್ಞೆಯಿಂದ, ಹರಿಹರದ ಸರ್ವರ್‌ನ ಅಂಕಿಯ ವಿಳಾಸವನ್ನೇ ಕೊಟ್ಟು, ಒಂದು ಹೆಸರನ್ನು ಕೇಳಬೇಕು. ಉತ್ತರ ಬಂದರೆ ಅದರಲ್ಲೊಂದು ಸಂಕೇತವಿರುತ್ತದೆ. 0 ಎಂದರೆ ದೋಷವಿಲ್ಲ. ಹಾಗಾದರೆ ತಂತ್ರಾಂಶವು ಹಳೆಯ ವಿಳಾಸವನ್ನೇ ಹಿಡಿದು ಬೇರೆ ಯಾರನ್ನೋ ಕೇಳುತ್ತಿದೆಯೇನೋ ನೋಡಬೇಕು. 2 ಎಂದರೆ ಹುಡುಕಲು ಹೋಗಿ ಸರ್ವರ್ ಸೋತಿದೆ. 3 ಎಂದರೆ ಅಂತಹ ಹೆಸರೇ ಇಲ್ಲ. 5 ಎಂದರೆ ನಿರಾಕರಣೆ. ಬೈಂಡ್ ಎಂಬ ಬಹುಬಳಕೆಯ ಸರ್ವರ್ ತಂತ್ರಾಂಶವು, ಬೇರೆ ಅಪ್ಪಣೆಯಿಲ್ಲದಿದ್ದರೆ, ತನ್ನ ಜಾಲದ ಯಂತ್ರಗಳಿಗಾಗಿ ಮಾತ್ರ ಹೊರಗಿನ ಹೆಸರುಗಳನ್ನು ಹುಡುಕಿಕೊಡುತ್ತದೆ. ನಿಟ್ಟುವಳ್ಳಿಯು ಬೇರೊಂದು ಜಾಲವಾದರೆ 5 ಬರುವುದು ಸಹಜ. ಅಲ್ಲಿ ದಾರಿಯನ್ನು ಶೋಧಿಸುವುದು ವ್ಯರ್ಥ. ಉತ್ತರ ಬಂದಿತೆಂದರೆ ದಾರಿ ನೆಟ್ಟಗಿದೆಯೆಂದೇ ಅರ್ಥವಲ್ಲವೆ?

ಮೌನವು ಇದಕ್ಕಿಂತ ಕಠಿನವಾದ ಸಮಸ್ಯೆ. 'ಪಿಂಗ್' ಮಾಡಿ ನೋಡುವುದು ವಾಡಿಕೆ. ಆದರೆ ಪಿಂಗ್‌ಗೆ ಉತ್ತರ ಬಂದ ಮಾತ್ರಕ್ಕೆ ಹೆಸರು ಹೇಳುವ ಕೆಲಸ ನಡೆದಿದೆಯೆಂದಲ್ಲ, ಬಾರದ ಮಾತ್ರಕ್ಕೆ ಯಂತ್ರ ಸತ್ತಿದೆಯೆಂದೂ ಅಲ್ಲ, ಏಕೆಂದರೆ ನಡುವಣ ಫೈರ್‌ವಾಲ್ ಪಿಂಗನ್ನಷ್ಟೇ ತಡೆದಿರಬಹುದು. ಹೆಸರಿನ ಪ್ರಶ್ನೆಗಳು ಹೋಗುವುದು 53ನೆಯ ಪೋರ್ಟ್‌ಗೆ, ಸಾಮಾನ್ಯವಾಗಿ ಯು.ಡಿ.ಪಿ. ಎಂಬ ವಿಧಾನದಲ್ಲಿ. ಮೂಲ ನಿಯಮದಂತೆ ಈ ಉತ್ತರ 512 ಬೈಟ್ ಮೀರಕೂಡದು. ಇಂದು ಮಿತಿಯನ್ನು ಹಿಗ್ಗಿಸಿಕೊಳ್ಳಬಹುದಾದರೂ, ಮಿತಿ ಮೀರಿದ ಉತ್ತರವನ್ನು ಸರ್ವರ್ ಮೊಟಕುಮಾಡಿ, ಟಿ.ಸಿ.ಪಿ. ವಿಧಾನದಲ್ಲಿ ಮತ್ತೆ ಕೇಳೆಂದು ಸೂಚಿಸುತ್ತದೆ. ಫೈರ್‌ವಾಲ್ ಟಿ.ಸಿ.ಪಿ.ಯನ್ನು ತಡೆದಿದ್ದರೆ ಚಿಕ್ಕ ಉತ್ತರಗಳು ಬರುತ್ತವೆ, ದೊಡ್ಡವು ಬಾರವು. ಬಿಟ್ಟುಬಿಟ್ಟು ಬರುವ ಚಳಿಜ್ವರದಂತೆ ಇದು ಜನರನ್ನು ಬಹಳ ಕಾಡಿಸುತ್ತದೆ.

ಇಷ್ಟಾದರೂ ತಿಳಿಯದಿದ್ದರೆ 'ಟಿಸಿಪಿಡಂಪ್' ಎಂಬ ಸಾಧನದಿಂದ ಎರಡು ತುದಿಗಳಲ್ಲಿಯೂ ಕಾದು ನೋಡಬೇಕು. ಪ್ರಶ್ನೆ ಹರಿಹರವನ್ನು ಮುಟ್ಟಿದೆಯೆ? ಮುಟ್ಟಿ, ಉತ್ತರವೂ ಹೊರಟು, ನಿಟ್ಟುವಳ್ಳಿಗೆ ಬಾರದಿದ್ದರೆ ಕೆಟ್ಟಿರುವುದು ಹಿಂದಿರುಗುವ ದಾರಿ.

ತಂತ್ರಾಂಶವು ಹೆಸರು ಕೇಳುವುದಷ್ಟೇ ಅಲ್ಲದೆ ಸರ್ವರ್‌ನ ಪಟ್ಟಿಯನ್ನು ತಿದ್ದುವುದೂ ಉಂಟು. ಆಗ ಎರಡು ಕಡೆಗೂ ಗೊತ್ತಿರುವ ರಹಸ್ಯ ಕೀಲಿಯೊಂದರಿಂದ ಸಂದೇಶಕ್ಕೆ ಮುದ್ರೆ ಬೀಳುತ್ತದೆ. ಮುದ್ರೆಯಲ್ಲಿ ವೇಳೆಯೂ ಸೇರಿರುವುದರಿಂದ, ಎರಡು ಯಂತ್ರಗಳ ಗಡಿಯಾರಗಳು, ವಾಡಿಕೆಯ 300 ಸೆಕೆಂಡುಗಳಿಗಿಂತ ಹೆಚ್ಚು ಅಗಲಿದರೆ, ಕೀಲಿ ಸರಿಯಾಗಿದ್ದರೂ ಆಜ್ಞೆ ತಿರಸ್ಕೃತವಾಗುತ್ತದೆ.

ಇನ್ನೊಂದು ಗಂಡಾಂತರವಿದೆ. ದುರಸ್ತಿಯ ಸಾಧನಗಳೇ ನೇಮ್ ಸರ್ವರ್ ಅನ್ನು ಅವಲಂಬಿಸಿದ್ದರೆ? 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸಂಸ್ಥೆಗೆ ಆದುದು ಇದೇ. ನಿರ್ವಹಣೆಯ ಒಂದು ತಪ್ಪು ಆಜ್ಞೆಯಿಂದ ಅದರ ದತ್ತಾಂಶ ಕೇಂದ್ರಗಳ ನಡುವಣ ಸಂಪರ್ಕವೆಲ್ಲ ಕಡಿಯಿತು. ಕೇಂದ್ರಗಳೊಡನೆ ಮಾತನಾಡಲಾಗದ ನೇಮ್ ಸರ್ವರ್‌ಗಳು, ತಮ್ಮ ಸ್ಥಿತಿ ಸರಿಯಿಲ್ಲವೆಂದು ಎಣಿಸಿ, ತಮ್ಮನ್ನು ತಲಪುವ ದಾರಿಯ ಪ್ರಕಟಣೆಯನ್ನು ತಾವೇ ಹಿಂತೆಗೆದುಕೊಂಡುವು. ಸರ್ವರ್‌ಗಳು ಜೀವಂತವಾಗಿದ್ದುವು, ಕೇಳಬಲ್ಲವರು ಮಾತ್ರ ಯಾರೂ ಇರಲಿಲ್ಲ. ಹೆಸರುಗಳು ಹೋದುದರಿಂದ ಒಳಗಿನ ಸಾಧನಗಳೂ ಕೆಟ್ಟು, ಎಂಜಿನಿಯರುಗಳು ಕೇಂದ್ರಗಳಿಗೆ ಖುದ್ದಾಗಿ ಹೋಗಬೇಕಾಯಿತು. ನಮ್ಮಲ್ಲಿ ರಾತ್ರಿ ಸುಮಾರು 9 ಗಂಟೆಗೆ ನಿಂತ ವಾಟ್ಸ್ಆಪ್ ಮರಳಿದುದು ಬೆಳಗಿನ ಜಾವದಲ್ಲಿ.

ಮೌನಕ್ಕೂ ನಿರಾಕರಣೆಗೂ ಇರುವ ಭೇದವನ್ನು ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಕಂಪ್ಯೂಟರಿನಲ್ಲಿಯೇ ನೋಡಬಹುದು. 'ಎನ್‌ಎಸ್‌ಲುಕಪ್' ಆಜ್ಞೆಗೆ ಮೊದಲು 'ಇನ್ವ್ಯಾಲಿಡ್' ಎಂಬ ಇಂಗ್ಲಿಷ್ ಪದದಿಂದ ಕೊನೆಗೊಳ್ಳುವ ಯಾವುದಾದರೂ ಹೆಸರನ್ನು ಕೊಡಿ. ಆ ಕೊನೆಯನ್ನು ಯಾರಿಗೂ ಕೊಡಕೂಡದೆಂದು ಕಾದಿರಿಸಿರುವುದರಿಂದ, 'ಅಂತಹ ಹೆಸರಿಲ್ಲ' ಎಂಬ ಉತ್ತರ ಕ್ಷಣದಲ್ಲಿ ಬರುತ್ತದೆ. ಅನಂತರ ಯಾವುದಾದರೂ ನಿಜವಾದ ಹೆಸರನ್ನು, ಪುಸ್ತಕಗಳ ಉದಾಹರಣೆಗೆಂದೇ ಮೀಸಲಾದ 192.0.2.1 ಎಂಬ ವಿಳಾಸದಲ್ಲಿ ಕೇಳಿ. ಕೆಲವು ಸೆಕೆಂಡು ಏನೂ ಕಾಣದು. ಕೊನೆಗೆ ಕಾಲ ಮೀರಿತೆಂಬ ಸೂಚನೆಯನ್ನು ಕೊಡುವುದು ನಿಮ್ಮ ಕಂಪ್ಯೂಟರೇ.