ಮನೆ ಬಾಡಿಗೆಗೆ ಕೊಡುವ ಮುನ್ನ

ಸೇಡಂ, ವಾಡಿ, ಶಹಾಬಾದ್, ಚಿತ್ತಾಪುರ, ಚಿಂಚೋಳಿಯ ಮನೆ ಮಾಲೀಕರಿಗೊಂದು ಮಾತು. ಸಿಮೆಂಟ್ ಕಾರ್ಖಾನೆ, ಕಲ್ಲುಗಣಿ ನಂಬಿ ಬಂದವರಿಗೆ ನೀವು ಫರಸಿ ಹಾಸಿದ ಎರಡು ಖೋಲಿ ಬಾಡಿಗೆಗೆ ಕೊಡುತ್ತೀರಿ. ಬಂದವನ ಮೇಲೆ ಹಿಂದೊಮ್ಮೆ ಕೇಸಿತ್ತೆಂದು ಕಿವಿಗೆ ಬಿದ್ದರೆ ಕೂಡಲೇ ಬಾಗಿಲು ಹಾಕಬೇಡಿ.

ಮೊದಲು ಕೇಳಿ: ಬರೀ ಕೇಸೋ, ಶಿಕ್ಷೆಯೂ ಆಗಿದೆಯೋ? ಎಫ್‌ಐಆರ್ ಎಂದರೆ ಆರೋಪ, ತೀರ್ಪಲ್ಲ. ಶಿಕ್ಷೆ ಆಗಿದ್ದರೆ ಯಾವ ಅಪರಾಧಕ್ಕೆ, ಎಷ್ಟು ವರ್ಷದ ಹಿಂದೆ, ಆಮೇಲೆ ಹೇಗೆ ಬದುಕಿದ್ದಾನೆ ಎಂದು ವಿಚಾರಿಸಿ. ಹಳೆಯ ಜಗಳದ ಕೇಸಿಗೂ ಮಕ್ಕಳ ಮೇಲಿನ ದೌರ್ಜನ್ಯಕ್ಕೂ ವ್ಯತ್ಯಾಸವಿದೆ. ವಠಾರದಲ್ಲಿ ಮಕ್ಕಳಿದ್ದು, ಅಪರಾಧ ಅಂಥದ್ದಾಗಿದ್ದರೆ ‘ಇಲ್ಲ’ ಎನ್ನುವುದು ತಪ್ಪಲ್ಲ.

ಬಾಲ್ಯದಲ್ಲಿ ಮಾಡಿದ ತಪ್ಪನ್ನು ಕೆದಕಬೇಡಿ. 2015ರ ಬಾಲನ್ಯಾಯ ಕಾಯ್ದೆಯೇ ಅಂಥವರಿಗೆ ಹೊಸ ಬದುಕು ಸಿಗಲೆಂದು ಬಯಸುತ್ತದೆ. ಜಾತಿ ನೋಡಿ ‘ಇವರೆಲ್ಲ ಕಳ್ಳರು’ ಎನ್ನುವ ಚಾಳಿಯನ್ನೂ ಬಿಡಿ. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಹಣೆಪಟ್ಟಿಯನ್ನು ದೇಶ 1952ರಲ್ಲೇ ಕಿತ್ತು ಹಾಕಿದೆ.

ನಿಮ್ಮ ಭದ್ರತೆಗೆ ಬೇರೆ ದಾರಿಗಳಿವೆ. ಆಧಾರ್ ಪ್ರತಿ, ಕೆಲಸದ ಗುರುತಿನ ಚೀಟಿ ಪಡೆಯಿರಿ. ಠಾಣೆಗೆ ಬಾಡಿಗೆದಾರರ ಮಾಹಿತಿ ಕೊಡಿ. 11 ತಿಂಗಳ ಕರಾರನ್ನು ಬರವಣಿಗೆಯಲ್ಲೇ ಮಾಡಿಕೊಳ್ಳಿ. ಅಡ್ವಾನ್ಸಿಗೆ ರಸೀದಿ ಕೊಡಿ. ಇದನ್ನು ಎಲ್ಲ ಬಾಡಿಗೆದಾರರಿಗೂ ಒಂದೇ ರೀತಿ ಪಾಲಿಸಿ. ಬಾಡಿಗೆದಾರನ ಹಳೆಯ ಕೇಸಿನ ಬಗ್ಗೆ ತಿಳಿದ ವಿಷಯವನ್ನು ಓಣಿಯಲ್ಲೆಲ್ಲ ಡಂಗುರ ಸಾರಬೇಡಿ.

ವಿಳಾಸವಿಲ್ಲದವನಿಗೆ ಕೆಲಸವೂ ಸುಲಭಕ್ಕೆ ಸಿಗದು. ಜೈಲಿನಿಂದ ಬಂದವನಿಗೆ ಊರೆಲ್ಲ ಬಾಗಿಲು ಮುಚ್ಚಿದರೆ ಅವನು ಹಳೆಯ ಸಂಗಕ್ಕೇ ಮರಳುವ ಅಪಾಯ ಹೆಚ್ಚು. ಹಾಗಾದರೆ ನಷ್ಟ ಅವನೊಬ್ಬನದಲ್ಲ, ಊರಿನದೂ ಹೌದು.