ಅಡಿಕೆ ಸಿಪ್ಪೆಯಿಂದ ಬ್ಯಾಟರಿ ಆಗುತ್ತದೆಯೇ?

ಪ್ರಶ್ನೆ: ನಮ್ಮ ಕಡೆ ಕೊಯ್ಲು ಶುರುವಾಯಿತೆಂದರೆ ಸುಲಿದ ಅಡಿಕೆ ಸಿಪ್ಪೆಯನ್ನು ಟ್ರಾಕ್ಟರಿನಲ್ಲಿ ತಂದು ರಸ್ತೆ ಬದಿಗೆ ಸುರಿದು ಬೆಂಕಿ ಇಡುತ್ತಾರೆ. ವಾರಗಟ್ಟಲೆ ಹೊಗೆ. ಇದರಿಂದ ಬ್ಯಾಟರಿ ಮಾಡಬಹುದಂತೆ ಎಂದು ಮಗ ಮೊಬೈಲಿನಲ್ಲಿ ತೋರಿಸಿದ. ನಿಜವೇ? ನಿಜವಾದರೆ ಸುಟ್ಟು ಉಳಿದ ಕರಿಯನ್ನೇ ಕೊಡಬಹುದಲ್ಲ?
– ಓದುಗರೊಬ್ಬರು, ಬಸವಾಪಟ್ಟಣ, ಚನ್ನಗಿರಿ ತಾಲ್ಲೂಕು

ಉತ್ತರ: ಸಿಪ್ಪೆಯಿಂದ ಬ್ಯಾಟರಿಗೆ ಬೇಕಾದ ಇಂಗಾಲ ಮಾಡಬಹುದು. ರಸ್ತೆ ಬದಿಯ ಕರಿಯಿಂದ ಆಗದು. ಯಾಕೆ ಆಗದು ಎಂಬುದನ್ನು ನಿಮ್ಮ ಮನೆಯ ಅಂಗಳದಲ್ಲೇ ನೋಡಿಕೊಳ್ಳಬಹುದು.

ಒಂದು ತಗಡಿನ ಡಬ್ಬಿ ತೆಗೆದುಕೊಳ್ಳಿ. ಮುಚ್ಚಳಕ್ಕೆ ಮೊಳೆಯಿಂದ ಒಂದು ತೂತು ಹೊಡೆಯಿರಿ. ಈ ತೂತು ಮರೆಯಬೇಡಿ, ಮರೆತರೆ ಡಬ್ಬಿ ಸಿಡಿಯುತ್ತದೆ. ಗರಿಗರಿಯಾಗಿ ಒಣಗಿದ ಸಿಪ್ಪೆ ತುಂಬಿ, ಅಡಿಕೆ ಬೇಯಿಸುವ ಒಲೆಯ ಕೆಂಡದಲ್ಲಿ ಹೂತಿಡಿ. ತೂತಿನಿಂದ ಮೊದಲು ಬಿಳಿ ಆವಿ, ಆಮೇಲೆ ಹಳದಿ ಹೊಗೆ ಬರುತ್ತದೆ. ಹೊಗೆ ಪೂರ್ತಿ ನಿಂತ ಮೇಲೆ ಹೊರಗೆ ತೆಗೆದು, ತಣ್ಣಗಾದ ಬಳಿಕ ಬಿಚ್ಚಿ. ಸಿಪ್ಪೆಯ ಒಂದೊಂದು ನಾರೂ ಇದ್ದ ಆಕಾರದಲ್ಲೇ ಕಪ್ಪಾಗಿ ಕುಳಿತಿರುತ್ತದೆ. ರಸ್ತೆ ಬದಿಯ ಗುಡ್ಡೆಯನ್ನು ಕೆದಕಿ ನೋಡಿದರೆ ಸಿಗುವುದು ಬಹುಪಾಲು ಬೂದಿ. ಅಲ್ಲಿ ಗಾಳಿ ತಗುಲಿ ಇಂಗಾಲವೆಲ್ಲ ಹೊಗೆಯಾಗಿ ಹೋಯಿತು. ಉಳಿದದ್ದು ಪೊಟ್ಯಾಷ್, ಸಿಲಿಕಾ, ಸುಣ್ಣದ ಅಂಶ.

ಡಬ್ಬಿಯ ಇದ್ದಿಲು ಕೂಡ ಇನ್ನೂ ಬ್ಯಾಟರಿಯದಲ್ಲ. ಎಲೆಕ್ಟ್ರಿಷಿಯನ್ ಹತ್ತಿರ ಮಲ್ಟಿಮೀಟರ್ ಇರುತ್ತದೆ. ಅದರ ಎರಡು ತುದಿಗಳನ್ನು ಪೆನ್ಸಿಲ್ ಕಡ್ಡಿಗೆ ತಾಗಿಸಿದರೆ ಕರೆಂಟ್ ಹರಿಯುವುದು ತೋರುತ್ತದೆ. ನಿಮ್ಮ ಕರಿ ನಾರಿಗೆ ತಾಗಿಸಿ. ಮುಳ್ಳು ಅಲುಗುವುದು ಕಷ್ಟ. ಒಲೆಯ ಶಾಖ ಸಾಲಲಿಲ್ಲ. ಇಂಗಾಲದ ಪರಮಾಣುಗಳು ಪದರ ಪದರವಾಗಿ ಕೂಡಿಕೊಂಡು ವಿದ್ಯುತ್ತಿಗೆ ದಾರಿ ಬಿಡಬೇಕಾದರೆ ಗಾಳಿಯಿಲ್ಲದ ಕುಲುಮೆಯಲ್ಲಿ, ನೈಟ್ರೋಜನ್ ಅಥವಾ ಆರ್ಗಾನ್ ಹರಿಸುತ್ತ, 1000ದಿಂದ 1400 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಅದಕ್ಕೂ ಮೊದಲೋ ಆಮೇಲೋ ಆಮ್ಲದಲ್ಲಿ ತೊಳೆದು ಪೊಟ್ಯಾಷ್ ಮುಂತಾದ ಖನಿಜ ತೆಗೆಯಬೇಕು. ಹೀಗೆ ಬರುವುದಕ್ಕೆ ಹಾರ್ಡ್ ಕಾರ್ಬನ್ ಎನ್ನುತ್ತಾರೆ.

ಇದು ಬೇಕಾಗಿರುವುದು ಸೋಡಿಯಂ ಬ್ಯಾಟರಿಗೆ. ಮೊಬೈಲಿನ ಲಿಥಿಯಂ ಬ್ಯಾಟರಿಯಲ್ಲಿ ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ನಡುವೆ ಹೋಗಿ ಕೂರುತ್ತವೆ. ಸೋಡಿಯಂ ಹಾಗೆ ಕೂರುವುದಿಲ್ಲ. ಗಾತ್ರ ದೊಡ್ಡದು ಎಂಬುದಷ್ಟೇ ಕಾರಣವಲ್ಲ, ಅದಕ್ಕಿಂತ ದೊಡ್ಡದಾದ ಪೊಟ್ಯಾಷಿಯಂ ಗ್ರಾಫೈಟಿನೊಳಗೆ ಸೇರಿಕೊಳ್ಳುತ್ತದೆ. ಸೋಡಿಯಂ ಮತ್ತು ಗ್ರಾಫೈಟಿನ ಕೂಟವೇ ಸಡಿಲ. ಹಾರ್ಡ್ ಕಾರ್ಬನ್ನಿನ ಒಳಗೆ ಬೇರೆ ಜಾಗವಿದೆ. ತೋಟದ ಅಡಿಕೆ ಹಾಳೆಯನ್ನೇ ನೆನೆಯಿರಿ. ನೆನೆಸಿ ಒತ್ತಿ ಪೇರಿಸಿದ ಹಾಳೆಗಳ ನಡುವೆ ಸಂದಿ ಕಡಿಮೆ, ಅದು ಗ್ರಾಫೈಟ್. ಬಿಸಿಲಿಗೆ ಮುರುಟಿದ ಹಾಳೆಗಳನ್ನು ಗುಡ್ಡೆ ಹಾಕಿದರೆ ನಡುನಡುವೆ ಪೊಳ್ಳು. ಅದು ಹಾರ್ಡ್ ಕಾರ್ಬನ್. ಆ ಪೊಳ್ಳುಗಳಲ್ಲಿ ಸೋಡಿಯಂ ನೆಲೆ ನಿಲ್ಲುತ್ತದೆ. ನಾರಿನ ಲಿಗ್ನಿನ್ ಕಾಯಿಸಿದರೆ ಮೇಣದಂತೆ ಕರಗಿ ಸಪಾಟಾಗುವುದಿಲ್ಲ, ಹೆಣೆದುಕೊಂಡಂತೆಯೇ ಕರಿಯಾಗುತ್ತದೆ. ಅದಕ್ಕೇ ತೆಂಗಿನ ಚಿಪ್ಪು, ಮರದ ಲಿಗ್ನಿನ್, ಅಡಿಕೆ ಸಿಪ್ಪೆಗಳಂಥವುಗಳ ಮೇಲೆ ವಿಜ್ಞಾನಿಗಳ ಕಣ್ಣು. 2000ದಲ್ಲಿ ಕೆನಡಾದ ಸ್ಟೀವನ್ಸ್ ಮತ್ತು ಡಾನ್ ಎಂಬ ಸಂಶೋಧಕರು ಹಾರ್ಡ್ ಕಾರ್ಬನ್ನಿನಲ್ಲಿ ಸೋಡಿಯಂ ನೆಲೆ ನಿಲ್ಲುವುದನ್ನು ಮೊದಲು ತೋರಿಸಿದ್ದು ಗ್ಲೂಕೋಸ್ ಸಕ್ಕರೆಯನ್ನು ಹೀಗೆ ಕಾಯಿಸಿ.

ಸೋಡಿಯಂ ನಮ್ಮ ಅಡುಗೆ ಉಪ್ಪಿನಲ್ಲೇ ಇದೆ. ಲಿಥಿಯಂ ಹಾಗಲ್ಲ, ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲಿ ಇದೆಯೆಂದು 2021ರಲ್ಲಿ ಹೇಳಿದ್ದು 1,600 ಟನ್ನಿನ ಅಂದಾಜು ಮಾತ್ರ. ಬೆಂಗಳೂರಿನ ಜಕ್ಕೂರಿನಲ್ಲಿ, ಸಿ.ಎನ್.ಆರ್. ರಾವ್ ಕಟ್ಟಿ ಬೆಳೆಸಿದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡ 2025ರಲ್ಲಿ ಒಂದು ಸೋಡಿಯಂ ಬ್ಯಾಟರಿಯನ್ನು ಮುಂದಿಟ್ಟಿತು. ಆರು ನಿಮಿಷದಲ್ಲಿ ಶೇ. 80ರಷ್ಟು ಚಾರ್ಜ್, 3,000ಕ್ಕೂ ಹೆಚ್ಚು ಸಲ ತುಂಬಿಸಿ ಖಾಲಿ ಮಾಡಿದರೂ ಬಾಳಿಕೆ. ಅದರ ಋಣಧ್ರುವ, ಅಂದರೆ ಚಾರ್ಜ್ ಮಾಡುವಾಗ ಅಯಾನುಗಳು ಹೋಗಿ ಕೂರುವ ಕಡೆ, ಇಂಗಾಲದ್ದಲ್ಲ, ನಿಯೋಬಿಯಂ, ವೆನೇಡಿಯಂ ಸೇರಿದ ಫಾಸ್ಫೇಟ್. ಆದ್ದರಿಂದ ಜಕ್ಕೂರಿನವರು ನಿಮ್ಮ ಸಿಪ್ಪೆಗೆ ಕಾಯುತ್ತಿದ್ದಾರೆ ಎಂದು ನಾನು ಹೇಳಲಾರೆ. ಕಾರ್ಖಾನೆಯ ಸೋಡಿಯಂ ಬ್ಯಾಟರಿಗಳಲ್ಲಿ ಮಾತ್ರ ಇಂದಿಗೂ ಹಾರ್ಡ್ ಕಾರ್ಬನ್ನೇ ಹೆಚ್ಚು. ಅದೇ ತೂಕದ ಲಿಥಿಯಂ ಬ್ಯಾಟರಿಗಿಂತ ಇವು ಸಾಮಾನ್ಯವಾಗಿ ಕಡಿಮೆ ವಿದ್ಯುತ್ ಹಿಡಿಯುತ್ತವೆ. ಮನೆ ಮೇಲಿನ ಸೋಲಾರಿಗೆ, ಒಂದೇ ಕಡೆ ಕೂರುವ ಬ್ಯಾಟರಿಗೆ, ಭಾರ ಅಡ್ಡಿಯಲ್ಲ.

ತೊಡಕು ಸಿಪ್ಪೆಯ ಹಸಿತನದಲ್ಲಿದೆ ಎಂದು ನನ್ನ ಅಭಿಪ್ರಾಯ. ನಿಮ್ಮ ಕಡೆ ಕೆಂಪಡಿಕೆಗಾಗಿ ಹಸಿಗಾಯಿ ಸುಲಿಯುತ್ತೀರಿ. ಸುಲಿಯುವ ಮಷಿನ್ನಿನಿಂದ ಬೀಳುವುದು ನೀರು ತುಂಬಿದ ಸಿಪ್ಪೆ. ಪೂರ್ತಿ ಒಣಗಿಸಿ ಕಾಯಿಸಿದರೂ ಇಂಗಾಲವಾಗಿ ಕೈಗೆ ಬರುವುದು ಒಣ ತೂಕದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಖೇಣಿದಾರರ ಕಣಗಳು ಹತ್ತಾರು ಊರುಗಳಲ್ಲಿ ಹರಡಿವೆ. ಭತ್ತದ ಹೊಟ್ಟು ಈ ವಿಷಯದಲ್ಲಿ ಮುಂದಿದೆ. ಭದ್ರಾ ನಾಲೆ, ಸೂಳೆಕೆರೆ ನೀರಿನ ಭತ್ತವೆಲ್ಲ ಮಿಲ್ಲಿಗೆ ಬರುವುದರಿಂದ ಹೊಟ್ಟು ಒಂದೇ ಕಡೆ, ಒಣಗಿದ್ದೇ ಸಿಗುತ್ತದೆ. ಅದರ ತೂಕದ ಸುಮಾರು ಐದರಲ್ಲೊಂದು ಪಾಲು ಬೂದಿ, ಬೂದಿಯಲ್ಲಿ ಬಹುಪಾಲು ಸಿಲಿಕಾ. ಭತ್ತ ಬಡಿಯುವಾಗ ಮೈ ತುರಿಸುವುದರ ಹಿಂದೆ ಇರುವುದೂ ಅದೇ ಸಿಲಿಕಾದ ಗರಸು. ಮೆಗ್ನೀಷಿಯಂ ಸೇರಿಸಿ ಕಾಯಿಸಿ ಅದರಿಂದ ಬ್ಯಾಟರಿಗೆ ಬೇಕಾದ ಸಿಲಿಕಾನ್ ತೆಗೆದು ತೋರಿಸಿದ್ದಾರೆ.

ಜಗಳೂರು ಸೀಮೆಯ ಬೋರ್‌ವೆಲ್ಲಿನ ಫ್ಲೋರೈಡನ್ನು ಡಬ್ಬಿಯಲ್ಲಿ ಮಾಡಿದ ಸಿಪ್ಪೆಯ ಇದ್ದಿಲು ಹಿಡಿಯುತ್ತದೆಯೇ ಎಂದೂ ಕೆಲವರು ಕೇಳುತ್ತಾರೆ. ಬರಿಯ ಇದ್ದಿಲು ಬಣ್ಣ, ವಾಸನೆ ಹಿಡಿಯುತ್ತದೆ, ಫ್ಲೋರೈಡನ್ನು ಅಷ್ಟಾಗಿ ಹಿಡಿಯುವುದಿಲ್ಲ. ಅಲ್ಯೂಮಿನಿಯಂ ಅಥವಾ ಜಿರ್ಕೋನಿಯಂ ಆಕ್ಸೈಡ್ ಲೇಪಿಸಿದರೆ ಹಿಡಿಯುತ್ತದೆ. ಮನೆಯಲ್ಲಿ ಮಾಡಿದ ಇದ್ದಿಲನ್ನು ನಂಬಿ ಆ ನೀರು ಕುಡಿಯಬೇಡಿ.

ಬ್ಯಾಟರಿ ಕಾರ್ಖಾನೆ ಬರುವವರೆಗೆ ಸಿಪ್ಪೆಯನ್ನು ಪುಡಿ ಮಾಡಿಸಿ, ಸಗಣಿ ಕಲಸಿ ತೋಟದ ಮೂಲೆಯಲ್ಲಿ ಕೊಳೆಸಿ. ಲಿಗ್ನಿನ್ ಇರುವುದರಿಂದ ನಿಧಾನವಾಗಿ ಕೊಳೆಯುತ್ತದೆ, ತಿಂಗಳುಗಳೇ ಬೇಕು. ಆದರೆ ಪೊಟ್ಯಾಷ್ ನಿಮ್ಮ ಮರಗಳ ಬುಡಕ್ಕೇ ಹಿಂತಿರುಗುತ್ತದೆ. ಡಬ್ಬಿಯಲ್ಲಿ ಮಾಡಿದ ಕರಿ ನಾರನ್ನು ಎಸೆಯಬೇಡಿ. ಮಗನಿಗೆ ಕೊಟ್ಟು, ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಲು ಹೇಳಿ. ಉದ್ದಕ್ಕೂ ಕೊಳವೆಗಳು ಕಾಣಿಸುತ್ತವೆ.