ಅಕ್ಷತೆ ಎರಚಲಾಗದ ಮದುವೆಗೆ ಹೊರಡುವವರಿಗೆ

ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ ನಮ್ಮವರಲ್ಲಿ, ದೀಪಾಲಂಕೃತವಾದ ಸಭಾಂಗಣವನ್ನು ಬಿಟ್ಟು, ಸುಮಾರು 3,000 ಅಡಿ ನೆಟ್ಟಗೆ ನಿಂತಿರುವ ಎಲ್ ಕ್ಯಾಪಿಟನ್ ಮಹಾಶಿಲೆಯ ಸಮ್ಮುಖದಲ್ಲಿ, ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಬಯಲಿನಲ್ಲಿಯೇ ಪಾಣಿಗ್ರಹಣವಾಗಬೇಕೆಂದು ಬಯಸುವ ತರುಣ ತರುಣಿಯರು ಇಲ್ಲದಿಲ್ಲ. ಅಂಥ ಮದುವೆಗೆ ಆಪ್ತಮಿತ್ರನೆಂದು ಕರೆಸಿಕೊಂಡವನು ಹೊತ್ತಿಗೆ ಸರಿಯಾಗಿ ಹೋಗಿ, ಉಡುಗೊರೆಯಿತ್ತು, ಉಂಡು ಬರುವ ಹಾಗಿಲ್ಲ. ಛತ್ರದ ಮದುವೆಯಲ್ಲಿ ಅಡಿಗೆಯವರೂ ಓಲಗದವರೂ ಪುರೋಹಿತರೂ ಹಂಚಿಕೊಳ್ಳುವ ಭಾರದ ಬಹುಭಾಗ ಇಲ್ಲಿ ಸ್ನೇಹಿತರ ಹೆಗಲಿಗೇ ಬೀಳತಕ್ಕದ್ದು.

ಮೊದಲು ಕಾಲನಿರ್ಣಯ. ಯೊಸೆಮಿಟಿಯ ಜಲಪಾತಗಳು ಕರಗುವ ಹಿಮದಿಂದ ಹುಟ್ಟುವಂಥವಾದ್ದರಿಂದ, ಮೇ ಮತ್ತು ಜೂನ್ ತಿಂಗಳುಗಳಲ್ಲಿ ಭೋರ್ಗರೆಯುವ 2,425 ಅಡಿ ಎತ್ತರದ ಯೊಸೆಮಿಟಿ ಜಲಪಾತವೇ ಆಗಸ್ಟ್ ವೇಳೆಗೆ ಬತ್ತಿ ಹೋಗಿ, ದೂರದಿಂದ ಬಂದ ಬಂಧುಗಳಿಗೆ ಬರಿಯ ಬಂಡೆಯ ಮೇಲಣ ಕಲೆಯನ್ನಷ್ಟೇ ತೋರಿಸುವುದುಂಟು. ಆಷಾಢಕ್ಕೆ ಮುಂಚೆ ಮದುವೆ ಮುಗಿಯಲೆಂಬ ಹಿರಿಯರ ಹಟವೂ, ನೀರು ತುಂಬಿರಲೆಂಬ ಕಿರಿಯರ ಆಸೆಯೂ ಹೆಚ್ಚುಕಡಮೆ ಒಂದೇ ಋತುವಿನಲ್ಲಿ ಕೂಡಿಬರುವುದು ಸುಯೋಗವೆಂದೇ ಹೇಳಬೇಕು. 7,214 ಅಡಿ ಎತ್ತರದ ಗ್ಲೇಸಿಯರ್ ಪಾಯಿಂಟನ್ನು ಆರಿಸಿಕೊಳ್ಳುವವರು ಮಾತ್ರ, ಅಲ್ಲಿಗೆ ಹೋಗುವ ರಸ್ತೆ ಹಿಮದಿಂದ ಮುಚ್ಚಿ ಸಾಮಾನ್ಯವಾಗಿ ಮೇ ಕೊನೆಯ ಹೊತ್ತಿಗೆ ತೆರೆಯುವುದೆಂಬುದನ್ನು ಮರೆಯಬಾರದು.

ತರುವಾಯ ಅನುಮತಿ ಪತ್ರ. ಉದ್ಯಾನದೊಳಗೆ ನಡೆಯುವ ವಿವಾಹ ಎಷ್ಟೇ ಚಿಕ್ಕದಾದರೂ ಅನುಮತಿ ಬೇಕೇಬೇಕು. ಅರ್ಜಿಯನ್ನು ಕನಿಷ್ಠ 21 ದಿನ ಮುಂಚಿತವಾಗಿ ಸಲ್ಲಿಸಬೇಕು. 150 ಡಾಲರಿನ ಶುಲ್ಕ ಹಿಂದಿರುಗುವಂಥದಲ್ಲ. ಶುಲ್ಕ ಮತ್ತು ನಿಯಮಗಳು ಬದಲಾಗುವುದುಂಟಾದ್ದರಿಂದ ಉದ್ಯಾನದ ಜಾಲತಾಣವನ್ನು ಒಮ್ಮೆ ನೋಡಿಕೊಳ್ಳುವುದು ಒಳಿತು. ಅನುಮತಿ ದೊರೆತ ಮಾತ್ರಕ್ಕೆ ಆ ಸ್ಥಳ ನಮ್ಮ ಸ್ವಂತದ್ದಾಗುವುದಿಲ್ಲ. ಮಾಂಗಲ್ಯಧಾರಣೆಯ ವೇಳೆಗೆ ಅಪರಿಚಿತ ಪ್ರವಾಸಿಯೊಬ್ಬನು ಬೆನ್ನಿಗೆ ಚೀಲ ಹಾಕಿಕೊಂಡು ಪಕ್ಕದಲ್ಲಿಯೇ ನಿಂತು ನೋಡಿದರೆ, ಅವನನ್ನು ಕರೆಯದೆ ಬಂದ ನೆಂಟನೆಂದು ಭಾವಿಸಿ ನಗುವುದೇ ಸರಿ.

ಎಲ್ಲಕ್ಕಿಂತ ಹೆಚ್ಚು ಯೋಚನೆ ಬೇಕಾದದ್ದು ವಿಧಿಗಳ ವಿಷಯ. ಅಕ್ಕಿಯನ್ನಾಗಲಿ, ಕಾಳನ್ನಾಗಲಿ, ಹೂವಿನ ಎಸಳನ್ನಾಗಲಿ ಅಲ್ಲಿ ಎರಚುವಂತಿಲ್ಲ. ಚೆಲ್ಲಿದ ಧಾನ್ಯಕ್ಕೆ ಬಾಯಿಹಾಕಿದ ಅಳಿಲು, ಹಕ್ಕಿಗಳು ಮನುಷ್ಯನ ತುತ್ತಿಗೆ ಒಗ್ಗಿಕೊಂಡು ಕಾಡಿನ ಮೇವನ್ನೇ ಮರೆಯುತ್ತವೆ. ಬಯಲಿನಲ್ಲಿ ಹೋಮಕುಂಡವನ್ನೂ ಹೂಡುವಂತಿಲ್ಲ. ಬೆಂಕಿಗೆ ಅವಕಾಶವಿರುವುದು ಸಾಮಾನ್ಯವಾಗಿ ಶಿಬಿರಗಳಲ್ಲಿ ಅದಕ್ಕೆಂದೇ ಕಟ್ಟಿದ ಒಲೆಗಳಲ್ಲಿ ಮಾತ್ರ. ಯೊಸೆಮಿಟಿ ಕಣಿವೆಯಲ್ಲಿ ಮೇಯಿಂದ ಸೆಪ್ಟೆಂಬರಿನವರೆಗೆ ಅದೂ ಸಂಜೆ 5ರಿಂದ 10 ಗಂಟೆಯ ತನಕ. ಅಗ್ನಿಸಾಕ್ಷಿಯನ್ನು ಇಂಥ ಒಲೆಯ ಮುಂದೆ ಮುಗಿಸಿಬಿಡೋಣವೆಂಬ ಜಾಣತನ ನನಗಂತೂ ಒಪ್ಪಿಗೆಯಿಲ್ಲ. ಬೇ ಏರಿಯಾದಿಂದ ಬರುವ ದಾರಿಯ ಲಿವರ್‌ಮೋರಿನಲ್ಲಿ ಶಿವ-ವಿಷ್ಣು ದೇವಾಲಯವಿದೆ. ಹೋಮ, ಲಾಜೆ, ಸಪ್ತಪದಿಗಳನ್ನು ಮುಂಚಿತವಾಗಿ ದೇವಾಲಯದಲ್ಲಿಯೋ ಮನೆಯಲ್ಲಿಯೋ ಸಾಂಗವಾಗಿ ನೆರವೇರಿಸಿ, ಮಾಲೆ ಬದಲಾಯಿಸುವುದನ್ನೂ ಹಿರಿಯರ ಆಶೀರ್ವಚನವನ್ನೂ ಕಣಿವೆಗೆ ಇಟ್ಟುಕೊಂಡರೆ, ಶಾಸ್ತ್ರಕ್ಕೂ ಅರಣ್ಯಕ್ಕೂ ಅಪಚಾರವಾಗದು. ಓಲಗಕ್ಕೆ ಧ್ವನಿವರ್ಧಕವನ್ನು ನೆಚ್ಚದೆ, ಬಳಗದಲ್ಲಿ ಕಂಠವಿರುವ ಯಾರಾದರೊಬ್ಬರಿಗೆ ಎರಡು ಹಾಡುಗಳನ್ನು ಒಪ್ಪಿಸತಕ್ಕದ್ದು. ಡ್ರೋನ್ ಹಾರಿಸುವ ಛಾಯಾಗ್ರಾಹಕನಿಗೆ ಅದು ಅಲ್ಲಿ ನಿಷಿದ್ಧವೆಂದು ಮುಂಗಡ ಕೊಡುವಾಗಲೇ ತಿಳಿಸಿಬಿಡಬೇಕು.

ಊಟದ ಉಸ್ತುವಾರಿ ಹೊತ್ತವನು ಕರಡಿಯನ್ನು ನೆನಪಿನಲ್ಲಿಡಬೇಕು. ಹೋಳಿಗೆಯ ಡಬ್ಬವಿರಲಿ, ತಲೆಗೆ ಹಚ್ಚುವ ಸುವಾಸನೆಯ ಎಣ್ಣೆಯಿರಲಿ, ಕತ್ತಲಾದ ಮೇಲೆ ಕಾರಿನಲ್ಲಿ ಬಿಡಕೂಡದು. ವಾಸನೆ ಹಿಡಿದ ಕರಡಿ ಕಾರಿನ ಬಾಗಿಲನ್ನೇ ಕಿತ್ತು ಒಳಗೆ ತಲೆಯಿಕ್ಕುತ್ತದೆ. ಇದಕ್ಕಾಗಿಯೇ ಶಿಬಿರಗಳಲ್ಲಿ ಉಕ್ಕಿನ ಪೆಟ್ಟಿಗೆಗಳನ್ನು ನೆಟ್ಟಿದ್ದಾರೆ. ಅವುಗಳ ಚಿಲಕ ಒಂದು ಇಕ್ಕಟ್ಟಾದ ಮರೆಯೊಳಗಿದ್ದು, ಮನುಷ್ಯನ ಬೆರಳು ಹೋಗುವಲ್ಲಿ ಕರಡಿಯ ಪಂಜ ಹೋಗಲಾರದು. ಎಲೆಯ ಮೇಲೆ ಬಡಿಸುವ ಭೋಜನವನ್ನು ಉದ್ಯಾನದ ಹೊರಗಣ ಊರೊಂದರಲ್ಲಿ ಏರ್ಪಡಿಸಿ, ಬಯಲಿಗೆ ಒಣ ತಿಂಡಿ ಮತ್ತು ನೀರನ್ನಷ್ಟೇ ಒಯ್ಯುವುದು ಸುಲಭವಾದ ದಾರಿ.

ರೇಷ್ಮೆ ಸೀರೆಯ ಮೇಲೆ ಶಾಲು, ಕಾಲಿಗೆ ಜಾರದ ಚಪ್ಪಲಿ, ಅಜ್ಜ ಅಜ್ಜಿಯರಿಗೆ ಕಾರು ನಿಲ್ಲಿಸುವೆಡೆಗೆ ಸಮೀಪವಾದ ಜಾಗ: ಇಷ್ಟು ಸಾಕು.

ಕಣಿವೆಯಲ್ಲಿ ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲ, ಪೆಟ್ರೋಲ್ ಬಂಕಂತೂ ಇಲ್ಲವೇ ಇಲ್ಲ. ಆದಕಾರಣ ಸ್ಥಳ, ವೇಳೆ ಮತ್ತು ನಕ್ಷೆಯನ್ನು ಕಾಗದದ ಮೇಲೆ ಮುದ್ರಿಸಿ ಪ್ರತಿಯೊಂದು ಕಾರಿಗೂ ಒಂದೊಂದು ಪ್ರತಿಯನ್ನು ಕೊಟ್ಟು, ಬೇಸಗೆಯಾದರೆ ಎಲ್ಲರೂ ಬೆಳಗಿನ 9 ಗಂಟೆಗೆ ಮುಂಚೆಯೇ ಕಣಿವೆ ಸೇರುವಂತೆ ನೋಡಿಕೊಳ್ಳಬೇಕು. ತಡವಾದರೆ ಕಾರು ನಿಲ್ಲಿಸಲು ತಾವೇ ಸಿಗದು.

ಇನ್ನುಳಿದದ್ದು ಕಾನೂನಿನ ಕಾಗದ. ವಧೂವರರಿಬ್ಬರೂ ಕ್ಯಾಲಿಫೋರ್ನಿಯದ ಯಾವುದಾದರೊಂದು ಕೌಂಟಿ ಕಚೇರಿಗೆ ಸ್ವತಃ ಹೋಗಿ ಪಡೆಯುವ ವಿವಾಹ ಪರವಾನಗಿ 90 ದಿನ ಊರ್ಜಿತವಾಗಿರುತ್ತದೆ. ಅದಕ್ಕೆ ಒಬ್ಬ ಸಾಕ್ಷಿಯಾದರೂ ರುಜು ಹಾಕಬೇಕು. ಆ ಗೌರವ ಸಾಮಾನ್ಯವಾಗಿ ಆಪ್ತಮಿತ್ರನದೇ. ಸಹಿಯಾದ ಪತ್ರವನ್ನು ವಿವಾಹ ನಡೆಸಿಕೊಟ್ಟವರು 10 ದಿನಗಳೊಳಗೆ ಅದನ್ನು ಕೊಟ್ಟ ಕೌಂಟಿಗೇ ಹಿಂದಿರುಗಿಸಬೇಕಾದ್ದರಿಂದ, ಮದುವೆಯ ಗಡಿಬಿಡಿಯಲ್ಲಿ ಅದು ಹಾರಗಳ ಬುಟ್ಟಿಯ ಅಡಿಯಲ್ಲಿ ಸೇರಿಹೋಗದಂತೆ ಕಾಯ್ದು, ಅವರ ಕೈಗೇ ಒಪ್ಪಿಸತಕ್ಕದ್ದು. ಪಾಸ್‌ಪೋರ್ಟ್, ವೀಸಾಗಳಿಗೆ ಬೇಕಾಗುವ ದೃಢೀಕೃತ ಪ್ರತಿ ತಾನಾಗಿ ಮನೆಗೆ ಬರುವುದಿಲ್ಲ. ಬೇರೆ ಅರ್ಜಿ ಬರೆದು, ಬೇರೆ ಶುಲ್ಕ ಕಟ್ಟಿ ತರಿಸಿಕೊಳ್ಳಬೇಕೆಂದು ನವದಂಪತಿಗಳಿಗೆ ಜ್ಞಾಪಿಸುವುದೂ ಆ ಸಾಕ್ಷಿಯ ಕೆಲಸವೇ.